ಡೀಸೆಲ್ ದರ ದಿಢೀರನೆ ಏರಿದಾಗ ಮಲೆನಾಡಿನ ಚಾಲಕ ಏನು ಮಾಡಬೇಕು? ಅಡಿಕೆಯ ಕೊನೆ ಕೊಯ್ಲಿಗೆ ಮುಂಚಿನ ಚರ್ಚೆ

ಗೂಡ್ಸ್ ಪಿಕಪ್ ಚಾಲಕ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಇನ್ನೊಂದು ತಿಂಗಳಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಶುರುವಾಗುತ್ತದೆ. ಗೊಬ್ಬರ, ಹಸಿ ಅಡಿಕೆ, ಆಮೇಲೆ ಶಿವಮೊಗ್ಗದ ಮಂಡಿಗೆ ಹೋಗುವ ಮೂಟೆ, ಇವೆಲ್ಲದರ ಬಾಡಿಗೆಯನ್ನು ತೋಟದ ಮನೆಗಳವರೊಂದಿಗೆ ಇಡೀ ಹಂಗಾಮಿಗೆ ಒಂದೇ ದರಕ್ಕೆ ಮಾತಾಡಿಕೊಳ್ಳುವ ಹೊತ್ತು ಇದು. ಮಾತು ಕೊಟ್ಟ ಮೇಲೆ ಡೀಸೆಲ್ ಏರಿದರೆ ನಷ್ಟವನ್ನು ನಾವೇ ನುಂಗಬೇಕಾಗುತ್ತದೆ. ಆದ್ದರಿಂದ ದರ ಏರಿದ ಮೇಲೆ ಗೋಳಾಡುವ ಬದಲು ಈಗಲೇ ಈ ವಿಷಯವನ್ನು ಎಲ್ಲರೂ ಕೂಡಿ ಯೋಚಿಸೋಣ ಎಂದು ಬರೆಯುತ್ತಿದ್ದೇನೆ.

2022ರ ಬೇಸಿಗೆ ನನಗೆ ಕಲಿಸಿದ ಪಾಠವನ್ನು ಮೊದಲು ಹೇಳುತ್ತೇನೆ. 2021ರ ನವೆಂಬರ್ 4ರಿಂದ 137 ದಿನಗಳ ಕಾಲ ಬಂಕಿನ ದರ ಅಲುಗಾಡದೆ ನಿಂತಿತ್ತು. ಅದನ್ನು ನಂಬಿಕೊಂಡು ಫೆಬ್ರುವರಿಯಲ್ಲಿ ನಾನು ಮೂರು ತೋಟಗಳ ಗೊಬ್ಬರದ ಬಾಡಿಗೆಯನ್ನು ಮಳೆಗಾಲದವರೆಗೆ ಒಂದೇ ದರಕ್ಕೆ ಒಪ್ಪಿಕೊಂಡೆ. ಮಾರ್ಚ್ 22ರಿಂದ ಏಪ್ರಿಲ್ 6ರವರೆಗಿನ 16 ದಿನಗಳಲ್ಲಿ ದರ 14 ಬಾರಿ ಏರಿತು. ಬೆಂಗಳೂರಿನಲ್ಲಿ 85 ರೂಪಾಯಿಯಷ್ಟಿದ್ದ ಡೀಸೆಲ್ 94.79ಕ್ಕೆ ಬಂದು ನಿಂತಿತು. ನಮ್ಮಲ್ಲಿಯೂ ಏರಿಕೆ ಅಷ್ಟೇ ಆಗಿತ್ತು. ಕೊಟ್ಟ ಮಾತನ್ನು ಮುರಿಯಲಾರದೆ ಆ ಬಾಡಿಗೆಗಳನ್ನೆಲ್ಲ ಪೂರೈಸಿದೆ. ಗಾಡಿಯ ಸಾಲದ ಎರಡು ಕಂತುಗಳು ಹಿಂದೆ ಬಿದ್ದವು, ಅದಕ್ಕೆ ದಂಡದ ಬಡ್ಡಿಯನ್ನೂ ಕಟ್ಟಿದೆ. ಆ ಎರಡು ತಿಂಗಳು ಮನೆಯಲ್ಲಿ ಮಾತು ಕಡಿಮೆಯಾಗಿತ್ತು.

ಅಂದಿನಿಂದ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಲೆಕ್ಕ ಬರೆದದ್ದರಲ್ಲಿ ನನ್ನ ಗಾಡಿ ತುಂಬಿದ ಲೋಡಿನಲ್ಲಿ ಲೀಟರಿಗೆ 10 ಕಿ.ಮೀ., ಖಾಲಿಯಾಗಿ 13 ಕಿ.ಮೀ. ಓಡುತ್ತದೆ ಎಂದು ತಿಳಿಯಿತು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೆಚ್ಚುಕಡಿಮೆ 60 ಕಿ.ಮೀ. ಹೋಗುವಾಗ 6 ಲೀಟರ್, ಖಾಲಿ ಬರುವಾಗ 4.6 ಲೀಟರ್, ಒಟ್ಟು 10.6 ಲೀಟರ್. 2022ರಂತೆ ಲೀಟರಿಗೆ ಹತ್ತು ರೂಪಾಯಿ ಏರಿದರೆ ಒಂದು ಟ್ರಿಪ್ಪಿಗೆ ನನಗೆ ಬೀಳುವ ಹೆಚ್ಚಿನ ಹೊರೆ 106 ರೂಪಾಯಿ. ಆದರೆ ಲೀಟರಿಗೆ 91 ರೂಪಾಯಿ ಎಂದು ಹಿಡಿದರೂ ಖಾಲಿ ಬರುವ ದಾರಿಗೆ ನಾನು ಸುಡುವ ಡೀಸೆಲಿನ ಬೆಲೆ 419 ರೂಪಾಯಿ. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಬರೆದಂದಿನಿಂದ ನನ್ನ ಯೋಚನೆಯೇ ಬದಲಾಗಿದೆ. ದರ ಏರಿಕೆಯ ನಾಲ್ಕು ಪಟ್ಟು ಹಣವನ್ನು ಪ್ರತಿ ಟ್ರಿಪ್ಪಿನಲ್ಲಿಯೂ, ದರ ಏರದ ದಿನಗಳಲ್ಲಿಯೂ, ನಾನು ಖಾಲಿ ರಸ್ತೆಗೆ ಸುರಿಯುತ್ತಿದ್ದೇನೆ.

ಇದರ ಬಗ್ಗೆ ನೀವೆಲ್ಲ ಏನು ಮಾಡುತ್ತಿದ್ದೀರಿ? ಡೀಸೆಲ್ ಉಳಿಸುವ ಚಾಲನೆ, ಗಾಡಿಯ ಆರೈಕೆ, ಬಾಡಿಗೆಯ ಮಾತುಕತೆ, ಯಾವುದರ ಬಗ್ಗೆಯಾದರೂ ನಿಮ್ಮ ಸ್ವಂತ ಅನುಭವವನ್ನು ದಯವಿಟ್ಟು ಬರೆಯಿರಿ.

ಟ್ಯಾಕ್ಸಿ ಚಾಲಕ, ಸಾಗರ

ನಿಮ್ಮ ಲೆಕ್ಕ ಓದಿ ನನ್ನದನ್ನೂ ಮಾಡಿ ನೋಡಿದೆ ಅಣ್ಣಾ. ಟ್ಯಾಕ್ಸಿಯವರಾದ ನಾವು ಹೋಗಿ ಬರುವ ಕಿಲೋಮೀಟರ್ ಎರಡನ್ನೂ ಸೇರಿಸಿಯೇ ಬಾಡಿಗೆ ಹೇಳುತ್ತೇವೆ, ದಿನಕ್ಕೆ ಇಷ್ಟು ಕನಿಷ್ಠ ಕಿಲೋಮೀಟರ್ ಎಂದೂ ಬೇಟಾ (ಚಾಲಕನ ದಿನದ ಭತ್ಯೆ) ಇಷ್ಟೆಂದೂ ಮೊದಲೇ ಮಾತಾಗಿರುತ್ತದೆ. ಹಾಗಾಗಿ ಖಾಲಿ ದಾರಿಯ ಹೊರೆ ನಿಮ್ಮಷ್ಟಿಲ್ಲ. ನಮ್ಮನ್ನು ತಿನ್ನುವುದು ನಿಂತಲ್ಲೇ ಉರಿಯುವ ಇಂಧನ. ಜೋಗದಲ್ಲಿ ಪ್ರವಾಸಿಗರು ಜಲಪಾತ ನೋಡಲು ಇಳಿದಾಗ, ಒಳಗೆ ಉಳಿದ ಒಬ್ಬರಿಗಾಗಿ ಎಂಜಿನ್ ಆರಿಸದೆ ಎ.ಸಿ. ಹಾಕಿಕೊಂಡು ಕೂರುವುದು ನಮ್ಮಲ್ಲಿ ಸಾಮಾನ್ಯವಾಗಿತ್ತು. ನಿಂತ ಕಾರು ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಕುಡಿಯುತ್ತದೆ. ಈಗ ನಾನು ಹತ್ತುವಾಗಲೇ ವಿನಯದಿಂದ ಹೇಳಿಬಿಡುತ್ತೇನೆ, ಗಾಡಿ ನಿಂತರೆ ಎಂಜಿನ್ ನಿಲ್ಲುತ್ತದೆ ಎಂದು. ಇದುವರೆಗೆ ಯಾರೂ ಬೇಸರಪಟ್ಟುಕೊಂಡಿಲ್ಲ.

ಸಿಗಂದೂರಿನ ಬಾಡಿಗೆಯ ಮಾತನ್ನು ಇಲ್ಲಿ ಹೇಳಲೇಬೇಕು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಶರಾವತಿಯ ಹಿನ್ನೀರಿಗೆ ಕಟ್ಟಿದ, ಸುಮಾರು ಎರಡೂವರೆ ಕಿ.ಮೀ. ಉದ್ದದ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಅದಕ್ಕೆ ಮೊದಲು ಹೊಳೆಬಾಗಿಲಿನ ದಡದಲ್ಲಿ, ಗಾಡಿಗಳನ್ನು ಆಚೆಗೆ ದಾಟಿಸುವ ಲಾಂಚಿಗಾಗಿ ಸಾಲು ನಿಲ್ಲಬೇಕಿತ್ತು. ಹಬ್ಬದ ದಿನಗಳಲ್ಲಿ ಸಾಲು ಆಮೆಯಂತೆ ತೆವಳುವಾಗ ಎಂಜಿನ್ ಹಚ್ಚಿ ಆರಿಸಿ ಗಂಟೆಗಟ್ಟಲೆ ಕಳೆಯುತ್ತಿದ್ದೆವು, ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ದೂರದ ಸುತ್ತು ಹಾಕಿ ಮನೆ ಸೇರಬೇಕಿತ್ತು. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತಂದಿನಿಂದ ಆಚೆ ದಡದ ತುಮರಿ ಕಡೆಯ ಜನ ಅನುಭವಿಸಿದ ಕಷ್ಟದ ಮುಂದೆ ಟ್ಯಾಕ್ಸಿಯವರ ಡೀಸೆಲ್ ಲೆಕ್ಕ ಬಹಳ ಸಣ್ಣದು. ಆದರೂ ಡೀಸೆಲ್ ದರ ನಮ್ಮ ಕೈಯಲ್ಲಿ ಇಲ್ಲದಿದ್ದರೂ, ಸುತ್ತು ತಪ್ಪಿದರೆ ಚಾಲಕನಿಗೆ ಎಷ್ಟು ಉಸಿರು ಬರುತ್ತದೆ ಎಂಬುದನ್ನು ಆ ಸೇತುವೆ ನನಗೆ ತೋರಿಸಿಕೊಟ್ಟಿತು.

ಘಾಟಿಯ ಬಗ್ಗೆ ಒಂದು ಮಾತು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಇಳಿಯುವಾಗ ಗೇರು ತೆಗೆದು ನ್ಯೂಟ್ರಲ್‌ನಲ್ಲಿ ಬಿಟ್ಟರೆ ಡೀಸೆಲ್ ಉಳಿಯುತ್ತದೆ ಎಂದು ನಂಬಿರುವವರು ಇನ್ನೂ ಇದ್ದಾರೆ. ದರ ಏರಿದ ವಾರದಲ್ಲಿ ಅಂಥವರ ಸಂಖ್ಯೆ ಹೆಚ್ಚುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಈ ಬಗ್ಗೆ ಬಲ್ಲವರು ಯಾರಾದರೂ ಬಿಡಿಸಿ ಬರೆಯಬೇಕೆಂದು ಕೋರುತ್ತೇನೆ.

ನಿವೃತ್ತ ಬಸ್ ಮೆಕ್ಯಾನಿಕ್, ಕೊಪ್ಪ

ಸಾಗರದವರು ಕೇಳಿದ್ದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಇದು ಜೀವದ ಪ್ರಶ್ನೆ. ಈಗಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗಾಡಿ ಗೇರಿನಲ್ಲಿದ್ದು, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುತ್ತಿರುವಾಗ ಇಂಧನ ಪೂರೈಕೆ ತಾನಾಗಿಯೇ ನಿಲ್ಲುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ಗೆ ತಂದ ಕ್ಷಣದಿಂದ ಎಂಜಿನ್ ಆರದಂತೆ ಉಳಿಯಲು ಇಂಧನ ಮತ್ತೆ ಹರಿಯತೊಡಗುತ್ತದೆ. ಹೀಗಾಗಿ ನ್ಯೂಟ್ರಲ್‌ನಲ್ಲಿ ಇಳಿಯುವವನು ಹೆಚ್ಚು ಸುಡುತ್ತಾನೆ, ಜೊತೆಗೆ ಎಂಜಿನ್ನಿನ ಹಿಡಿತವನ್ನೂ ಕಳೆದುಕೊಂಡು ಪೂರ್ತಿ ಭಾರವನ್ನು ಬ್ರೇಕಿನ ಮೇಲೆ ಹಾಕುತ್ತಾನೆ. ಕೆಲವರು ಕೀಲಿಯನ್ನೇ ಆರಿಸಿಬಿಡುತ್ತಾರೆ. ಆಗ ಪೆಡಲ್ ಒತ್ತಲು ನೆರವಾಗುವ ಬ್ರೇಕಿನ ಬೂಸ್ಟರಿಗೆ ಬೇಕಾದ ನಿರ್ವಾತ ಎರಡು ಮೂರು ಬಾರಿ ಪೆಡಲ್ ಒತ್ತುವಷ್ಟರಲ್ಲಿ ಮುಗಿದು ಪೆಡಲ್ ಕಲ್ಲಿನಂತಾಗುತ್ತದೆ, ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ, ದೊಡ್ಡ ಗಾಡಿಗಳಲ್ಲಿ ಗಾಳಿಯ ಒತ್ತಡ ಇಳಿಯುತ್ತದೆ. ಹುಲಿಕಲ್ಲಿನಲ್ಲಾಗಲಿ ಆಗುಂಬೆಯಲ್ಲಾಗಲಿ ಹತ್ತುವಾಗ ಬೇಕಾದ ಗೇರಿನಲ್ಲಿಯೇ ಇಳಿಯುವುದು ಹಿರಿಯರು ಹೇಳಿಕೊಟ್ಟ ನಿಯಮ. ಅದು ಇಂಧನದ ಲೆಕ್ಕಕ್ಕೂ ಸರಿಯಾಗಿಯೇ ಇದೆ.

ಇನ್ನು ಮೈಲೇಜ್. ನಲವತ್ತು ವರ್ಷ ಗಾಡಿಗಳ ಕೆಳಗೆ ಮಲಗಿ ಕೆಲಸ ಮಾಡಿದವನಾಗಿ ಹೇಳುತ್ತೇನೆ, ನಮ್ಮ ಮಲೆನಾಡಿನಲ್ಲಿ ಡೀಸೆಲ್ ಕದಿಯುವ ಮೊದಲ ಕಳ್ಳ ಹಿಡಿದುಕೊಂಡ ಬ್ರೇಕ್. ನಾಲ್ಕು ತಿಂಗಳ ಮಳೆ, ಕೆಸರು, ತುಕ್ಕು ಸೇರಿ ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನು ಜಾಮ್ ಆಗುತ್ತದೆ. ಕಾಲು ತೆಗೆದರೂ ಪ್ಯಾಡು ಡಿಸ್ಕಿಗೆ ಅಂಟಿಕೊಂಡೇ ಇರುತ್ತದೆ. ಗಾಡಿ ಓಡುತ್ತದೆ, ಚಾಲಕನಿಗೆ ತಿಳಿಯುವುದಿಲ್ಲ. ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್‌ಗೆ ತಂದು ಒಬ್ಬರು ತಳ್ಳಿ ನೋಡಿ, ಸುಲಭವಾಗಿ ಉರುಳದಿದ್ದರೆ ಅನುಮಾನಿಸಿ. ಹತ್ತು ಹದಿನೈದು ಕಿ.ಮೀ. ಬ್ರೇಕನ್ನು ಹೆಚ್ಚು ಬಳಸದೆ ಓಡಿಸಿ ಇಳಿದು ಪ್ರತಿ ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಒಂದು ಚಕ್ರದಿಂದ ಮಾತ್ರ ಶಾಖ ಬಡಿಯುತ್ತಿದ್ದರೆ ಕಳ್ಳ ಅಲ್ಲಿಯೇ ಇದ್ದಾನೆ. ಮಳೆ ಬಿಟ್ಟ ಮೇಲೆ ಬ್ರೇಕ್ ಬಿಚ್ಚಿ ತೊಳೆದು ಪಿನ್ನಿಗೆ ಗ್ರೀಸ್ ಹಾಕಿಸುವ ಖರ್ಚು ಬಹಳ ಬೇಗ ವಾಪಸಾಗುತ್ತದೆ.

ಗುಂಡಿ ಬಿದ್ದ ರಸ್ತೆಯಲ್ಲಿ ಮಳೆಗಾಲ ಕಳೆದ ಗಾಡಿಗೆ ಚಕ್ರಗಳ ಅಲೈನ್‌ಮೆಂಟ್ ನೋಡಿಸಬೇಕು. ಟೈರಿನ ಗಾಳಿಯನ್ನು ಬೆಳಿಗ್ಗೆ ತಣ್ಣಗಿರುವಾಗ ನೋಡಬೇಕು. ಬೇಸಿಗೆಯ ಕೆಂಪು ಧೂಳು ತಿಂದ ಏರ್ ಫಿಲ್ಟರನ್ನು ಮಳೆಗಾಲಕ್ಕೂ ಎಳೆಯಬಾರದು. ಟ್ಯಾಂಕಿಗೆ ಹಾಕುವ ಪುಡಿ, ಇಂಧನದ ಪೈಪಿಗೆ ಕಟ್ಟುವ ಅಯಸ್ಕಾಂತ ಇತ್ಯಾದಿಗಳನ್ನು ದರ ಏರಿದಾಗಲೆಲ್ಲ ಯಾರೋ ಮಾರಿಕೊಂಡು ಬರುತ್ತಾರೆ. ನಾನು ನೋಡಿದ ಒಂದರಿಂದಲೂ ಒಂದು ಹನಿ ಉಳಿದಿಲ್ಲ. ಮುಂಜಾನೆ ಹಾಕಿಸಿದರೆ ಡೀಸೆಲ್ ದಟ್ಟವಾಗಿರುತ್ತದೆ ಎಂಬ ಮಾತಿಗೂ ಹೆಚ್ಚು ಅರ್ಥವಿಲ್ಲ, ಬಂಕಿನ ಟ್ಯಾಂಕು ನೆಲದಡಿ ಇರುವುದರಿಂದ ಹಗಲು ರಾತ್ರಿಯ ತಾಪದ ವ್ಯತ್ಯಾಸ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ.

ಪೆಟ್ರೋಲ್ ಗಾಡಿಯವರು ಇನ್ನೊಂದನ್ನು ಗಮನಿಸಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದು ಭಾಗದಷ್ಟು ಕಡಿಮೆ. ಹಳೆಯ ಗಾಡಿಯ ಮೈಲೇಜ್ ಸ್ವಲ್ಪ ಇಳಿದಿದ್ದರೆ ಅದನ್ನು ಎಂಜಿನ್ನಿನ ದೋಷವೆಂದು ತಿಳಿದು ಬಿಚ್ಚಿಸುವ ಮೊದಲು ಇದನ್ನು ನೆನೆಯಿರಿ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕಿನ ಮುಚ್ಚಳದ ರಬ್ಬರ್ ಸರಿಯಾಗಿರಲಿ.

ಕೊನೆಯದಾಗಿ ನನ್ನ ಮನಸ್ಸಿನ ಒಂದು ಮಾತು. ನಮ್ಮ ಕೊಪ್ಪದಲ್ಲಿ 1991ರಿಂದ ಕಾರ್ಮಿಕರೇ ಮಾಲೀಕರಾಗಿ ನಡೆಸಿಕೊಂಡು ಬಂದ ಸಹಕಾರ ಸಾರಿಗೆಯ ಬಸ್ಸುಗಳು 2020ರ ಫೆಬ್ರುವರಿಯಲ್ಲಿ ನಿಂತುಹೋದವು. ಕಾರಣಗಳು ಹಲವು, ಏರುತ್ತಲೇ ಹೋದ ಡೀಸೆಲ್ ಮತ್ತು ಬಿಡಿಭಾಗಗಳ ವೆಚ್ಚವೂ ಅವುಗಳಲ್ಲಿ ಸೇರಿತ್ತು. ಕೈಕಾಲು ಗಟ್ಟಿಯಿದ್ದ, ಕೆಲಸ ಬಲ್ಲ ಜನರಿದ್ದ ಸಂಸ್ಥೆಯದು. ಚಾಲಕನೊಬ್ಬನ ಕಾಲಿನ ಜಾಣ್ಮೆಯಿಂದ ಮಾತ್ರ ಈ ಹೊರೆ ಇಳಿಯುವುದಿಲ್ಲ ಎಂದು ನನಗೆ ಅನ್ನಿಸುವುದು ಅದಕ್ಕೇ. ತೀರ್ಥಹಳ್ಳಿಯವರು ಎತ್ತಿದ ಖಾಲಿ ದಾರಿಯ ಪ್ರಶ್ನೆಯನ್ನು ಬಿಡಬೇಡಿ.

ಅಡಿಕೆ ಬೆಳೆಗಾರ, ಹೊಸನಗರ

ನಾನು ಚಾಲಕನಲ್ಲ, ನಿಮ್ಮಂಥವರ ಗಾಡಿಯನ್ನು ಬಾಡಿಗೆಗೆ ಕರೆಯುವವನು. ಆದರೂ ಈ ಚರ್ಚೆಯಲ್ಲಿ ನಮ್ಮ ಕಡೆಯ ಮಾತೂ ಇರಬೇಕೆಂದು ಬರೆಯುತ್ತಿದ್ದೇನೆ. ಯಾರೂ ತಪ್ಪು ತಿಳಿಯಬಾರದು.

ಡೀಸೆಲ್ ಎರಡು ರೂಪಾಯಿ ಏರಿದ ಮರುದಿನವೇ ಬಾಡಿಗೆ ಇನ್ನೂರು ರೂಪಾಯಿ ಏರಿದ್ದನ್ನು ನಾನು ಕಂಡಿದ್ದೇನೆ. ತೀರ್ಥಹಳ್ಳಿಯವರ ಲೆಕ್ಕವನ್ನೇ ಹಿಡಿದರೂ ಎರಡು ರೂಪಾಯಿ ಏರಿಕೆಗೆ ಶಿವಮೊಗ್ಗದ ಟ್ರಿಪ್ಪಿಗೆ ಇಪ್ಪತ್ತೊಂದು ರೂಪಾಯಿ ಹೆಚ್ಚಬೇಕು. ಅದಿರಲಿ. 2021ರ ನವೆಂಬರಿನಲ್ಲಿ ಕೇಂದ್ರ ಮತ್ತು ರಾಜ್ಯ ಎರಡೂ ತೆರಿಗೆ ಇಳಿಸಿದಾಗ ಬೆಂಗಳೂರಿನಲ್ಲಿ 104.50 ಇದ್ದ ಡೀಸೆಲ್ ಒಂದೇ ಬಾರಿಗೆ 85 ರೂಪಾಯಿಗೆ ಬಂತು, ಹೆಚ್ಚುಕಡಿಮೆ ಹತ್ತೊಂಬತ್ತೂವರೆ ರೂಪಾಯಿ ಇಳಿಯಿತು. ಆ ಹಂಗಾಮಿನಲ್ಲಿ ನಮ್ಮೂರಿನ ಯಾವ ಗಾಡಿಯ ಬಾಡಿಗೆಯೂ ಇಳಿಯಲಿಲ್ಲ. ಏರುವಾಗ ಜೊತೆಗೆ ಏರುವ ಬಾಡಿಗೆ ಇಳಿಯುವಾಗ ಏಕೆ ನಿಂತಲ್ಲೇ ನಿಲ್ಲುತ್ತದೆ? ಕೊಳೆರೋಗ ಬಂದ ವರ್ಷ, ಎಲೆಚುಕ್ಕಿ ಬಂದ ವರ್ಷ ನಮ್ಮ ಕೈಯಲ್ಲಿಯೂ ಏನೂ ಇರುವುದಿಲ್ಲ. ಚಾಲಕರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ನ್ಯಾಯ ಎರಡೂ ಕಡೆಗೆ ಇರಲಿ ಎಂಬುದು ನನ್ನ ಪ್ರಾಮಾಣಿಕ ಬೇಡಿಕೆ.

ಲೆಕ್ಕಪತ್ರ ಬರೆಯುವವರು, ಭದ್ರಾವತಿ

ಹೊಸನಗರದವರ ಪ್ರಶ್ನೆ ಸರಿಯಾದದ್ದು. ಅದಕ್ಕೆ ಉತ್ತರಿಸಬೇಕಾದವರು ಗಾಡಿಯವರು. ದರ ಹೀಗೇಕೆ ಜಿಗಿಯುತ್ತದೆ ಎಂಬುದನ್ನು ನಾನು ವಿವರಿಸುತ್ತೇನೆ. ಹತ್ತಾರು ಲಾರಿ ಮಾಲೀಕರ ಲೆಕ್ಕ ಬರೆಯುವವನಾದ್ದರಿಂದ ಇದು ನನ್ನ ದಿನನಿತ್ಯದ ವಿಷಯ.

ಪೆಟ್ರೋಲ್ ದರವನ್ನು ಸರ್ಕಾರದ ನಿಯಂತ್ರಣದಿಂದ ಬಿಟ್ಟದ್ದು 2010ರ ಜೂನಿನಲ್ಲಿ, ಡೀಸೆಲ್ ದರವನ್ನು 2014ರ ಅಕ್ಟೋಬರಿನಲ್ಲಿ. 2017ರ ಜೂನ್ 16ರಿಂದ ದೇಶದೆಲ್ಲೆಡೆ ದಿನವೂ ಬೆಳಿಗ್ಗೆ ದರ ಪರಿಷ್ಕರಿಸುವ ಪದ್ಧತಿ ಬಂತು. ಹಾಗಿದ್ದ ಮೇಲೆ ದಿನಕ್ಕೆ ಹತ್ತು ಪೈಸೆ ಇಪ್ಪತ್ತು ಪೈಸೆಯಂತೆ ಏರಿಳಿಯಬೇಕಾದ ದರ, ವಾಸ್ತವದಲ್ಲಿ ತಿಂಗಳುಗಟ್ಟಲೆ ನಿಂತು ಆಮೇಲೆ ಒಮ್ಮೆಲೇ ಏರುತ್ತದೆ. ನಿಂತ ಕಾಲವೇ ಚಾಲಕನಿಗೆ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಆ ನಿಶ್ಚಲತೆಯನ್ನು ನಂಬಿಯೇ ದೀರ್ಘಕಾಲದ ಬಾಡಿಗೆಗಳು ಮಾತಾಗುತ್ತವೆ. ತೀರ್ಥಹಳ್ಳಿಯವರಿಗೆ 2022ರಲ್ಲಿ ಆದದ್ದು ಅದೇ.

ಎರಡನೆಯದು ತೆರಿಗೆ. ಕಚ್ಚಾ ತೈಲದ ಬೆಲೆ ಸುಮ್ಮನಿದ್ದಾಗಲೂ ತೆರಿಗೆಯೊಂದೇ ದರವನ್ನು ಎತ್ತಬಲ್ಲದು. 2024ರ ಜೂನ್ 15ರಂದು ರಾಜ್ಯದ ಮಾರಾಟ ತೆರಿಗೆ ಪೆಟ್ರೋಲಿಗೆ ಶೇ. 25.92ರಿಂದ 29.84ಕ್ಕೂ ಡೀಸೆಲಿಗೆ ಶೇ. 14.34ರಿಂದ 18.44ಕ್ಕೂ ಏರಿ, ಎರಡೂ ಮೂರು ರೂಪಾಯಿಯಷ್ಟು ದುಬಾರಿಯಾದವು. 2025ರ ಏಪ್ರಿಲ್ 1ರಿಂದ ಡೀಸೆಲಿನ ತೆರಿಗೆ ಶೇ. 21.17 ಆಯಿತು, ಬೆಂಗಳೂರಿನ ದರ 91 ರೂಪಾಯಿ ದಾಟಿತು, ಅದೇ ತಿಂಗಳ ಮಧ್ಯದಲ್ಲಿ ಲಾರಿ ಮಾಲೀಕರು ಮುಷ್ಕರಕ್ಕೂ ಇಳಿದರು. ಈ ತೆರಿಗೆ ಶೇಕಡಾವಾರು ಲೆಕ್ಕದ್ದು, ಅದೂ ಕೇಂದ್ರದ ಅಬಕಾರಿ ಸುಂಕ ಸೇರಿದ ಬೆಲೆಯ ಮೇಲೆ ಬೀಳುವಂಥದ್ದು. ಆದ್ದರಿಂದ ಮೂಲ ಬೆಲೆ ಏರಿದರೆ ರಾಜ್ಯದ ಪಾಲೂ ತಾನಾಗಿ ಏರುತ್ತದೆ, ಇಳಿದರೆ ತಾನಾಗಿ ಇಳಿಯುತ್ತದೆ. ಹೊಸನಗರದವರು ಹೇಳಿದ 2021ರ ನವೆಂಬರಿನ ಇಳಿಕೆಯಲ್ಲಿ ಕೇಂದ್ರ ಹತ್ತು, ರಾಜ್ಯ ಏಳು ಎಂದು ಘೋಷಣೆಯಾಗಿದ್ದರೂ ಒಟ್ಟು ಇಳಿಕೆ ಹದಿನೇಳನ್ನು ಮೀರಿದ್ದು ಹೀಗೆ.

ಜಿ.ಎಸ್.ಟಿ. ವ್ಯಾಪ್ತಿಗೆ ಪೆಟ್ರೋಲ್ ಮತ್ತು ಡೀಸೆಲ್ ಇನ್ನೂ ಸೇರಿಲ್ಲ. 2021ರ ಸೆಪ್ಟೆಂಬರ್ 17ರಂದು ಲಖನೌದಲ್ಲಿ ನಡೆದ ಜಿ.ಎಸ್.ಟಿ. ಮಂಡಳಿಯ ಸಭೆ ಈ ವಿಷಯವನ್ನು ಎತ್ತಿಕೊಂಡು, ಸದ್ಯಕ್ಕೆ ಬೇಡವೆಂದು ಕೈಬಿಟ್ಟಿತು. ಆದ್ದರಿಂದ ಗಾಡಿಯವನು ಡೀಸೆಲಿಗೆ ಕಟ್ಟಿದ ತೆರಿಗೆ ಅವನಿಗೆ ಯಾವ ರೂಪದಲ್ಲಿಯೂ ವಾಪಸ್ ಸಿಗುವುದಿಲ್ಲ, ಬಾಡಿಗೆಯಲ್ಲಿ ವಸೂಲಾಗದಿದ್ದರೆ ಪೂರ್ತಿ ಅವನ ಜೇಬಿನಿಂದಲೇ ಹೋಗುತ್ತದೆ. ಇದನ್ನು ಬೆಳೆಗಾರರೂ ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಅಳತೆಯ ಬಗ್ಗೆಯೂ ಒಂದು ಮಾತು. ಅನುಮಾನ ಬಂದಾಗ ಬಂಕಿನಲ್ಲಿ ಐದು ಲೀಟರಿನ ಮುದ್ರೆಯಿರುವ ಅಳತೆಯ ಪಾತ್ರೆಯಲ್ಲಿ ಹಿಡಿದು ತೋರಿಸುವಂತೆ ಕೇಳುವ ಹಕ್ಕು ಗ್ರಾಹಕನಿಗಿದೆ. ಐದು ಲೀಟರಿಗೆ 25 ಮಿ.ಲೀ.ಗಿಂತ ಹೆಚ್ಚು ಕೊರತೆ ಬರಬಾರದು. ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ಆ ಪಾತ್ರೆ ಪ್ರತಿ ಬಂಕಿನಲ್ಲಿಯೂ ಇರಲೇಬೇಕು.

ಶಾಲಾ ವ್ಯಾನ್ ಚಾಲಕಿ, ಶಿವಮೊಗ್ಗ

ಎಲ್ಲರ ಬರಹವನ್ನೂ ಓದಿದೆ. ನನ್ನದು ಪೆಟ್ರೋಲ್ ವ್ಯಾನ್. ಮಕ್ಕಳ ತಂದೆ ತಾಯಂದಿರೊಂದಿಗೆ ಮೇ ಕೊನೆಯ ವಾರದಲ್ಲಿ ಇಡೀ ವರ್ಷದ ತಿಂಗಳ ಶುಲ್ಕವನ್ನು ಮಾತಾಡುತ್ತೇನೆ. 2024ರಲ್ಲಿ ಹಾಗೆ ಮಾತಾಡಿ ಹದಿನೈದು ಇಪ್ಪತ್ತು ದಿನಗಳಾಗಿರಲಿಲ್ಲ, ಭದ್ರಾವತಿಯವರು ಬರೆದ ಆ ಜೂನ್ 15ರ ಏರಿಕೆ ಬಂತು. ದಿನಕ್ಕೆ 60 ಕಿ.ಮೀ., ಲೀಟರಿಗೆ 13 ಕಿ.ಮೀ.ಯಂತೆ ಲೆಕ್ಕ ಹಾಕಿದರೆ ತಿಂಗಳ 24 ದಿನಗಳಿಗೆ ಹೆಚ್ಚಿನ ಹೊರೆ 330 ರೂಪಾಯಿ. ಕೇಳುವುದಕ್ಕೆ ಸಣ್ಣ ಮೊತ್ತ. ಆದರೆ ನನ್ನ ಕೈಗೆ ಉಳಿಯುತ್ತಿದ್ದದ್ದೂ ಸಣ್ಣ ಮೊತ್ತವೇ, ವಿಮೆ ಮತ್ತು ಎಫ್.ಸಿ. (ಗಾಡಿಯ ಫಿಟ್‌ನೆಸ್ ಪ್ರಮಾಣಪತ್ರ) ಎರಡೂ ಆ ತಿಂಗಳಲ್ಲಿಯೇ ಬಂದಿದ್ದವು.

ಶುಲ್ಕ ಹೆಚ್ಚಿಸಿ ಎಂದು ಕೇಳುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಬದಲಿಗೆ ಒಂದು ಭಾನುವಾರ ನನ್ನ ದಾರಿಯನ್ನು ಕಾಗದದ ಮೇಲೆ ಬರೆದು ನೋಡಿದೆ. ಗೋಪಾಳದ ಬಡಾವಣೆಗಳಲ್ಲಿ ಪ್ರತಿ ಮಗುವಿನ ಗೇಟಿನ ಮುಂದೆ ನಿಲ್ಲಲು ಅಡ್ಡರಸ್ತೆಗಳ ಒಳಗೆ ಹೋಗಿ ರಿವರ್ಸ್ ತೆಗೆದು ಹೊರಗೆ ಬರುತ್ತಿದ್ದೆ, ವಿನೋಬನಗರದಲ್ಲಿಯೂ ಹಾಗೆಯೇ. ತಾಯಂದಿರನ್ನು ಒಬ್ಬೊಬ್ಬರನ್ನಾಗಿ ಕಂಡು, ಎರಡು ಮೂರು ಮನೆಗಳಿಗೆ ಒಂದರಂತೆ ನೆರಳಿರುವ, ಗಾಡಿಗಳ ಓಡಾಟ ಕಡಿಮೆಯಿರುವ ಜಾಗ ಗೊತ್ತುಮಾಡಿದೆ. ತೀರ ಚಿಕ್ಕ ಮಕ್ಕಳಿಗೆ ಮಾತ್ರ ಮನೆ ಬಾಗಿಲು ಹಾಗೆಯೇ ಉಳಿಸಿಕೊಂಡೆ. ದಿನಕ್ಕೆ 9 ಕಿ.ಮೀ. ಉಳಿಯಿತು. ಆಗಿನ ದರದಲ್ಲಿ ಅದು ದಿನಕ್ಕೆ 71 ರೂಪಾಯಿ, ತಿಂಗಳಿಗೆ 1,700 ರೂಪಾಯಿ. ಏರಿದ್ದು 330, ಉಳಿದದ್ದು 1,700. ತೀರ್ಥಹಳ್ಳಿಯವರು ಬರೆದ 106 ಮತ್ತು 419ರ ಲೆಕ್ಕ ಓದಿದಾಗ ನನ್ನದೇ ಕಥೆ ಓದಿದಂತಾಯಿತು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಉಳಿತಾಯದ ಹೆಸರಿನಲ್ಲಿ ಇನ್ನೆರಡು ಮಕ್ಕಳನ್ನು ತುಂಬಿಕೊಳ್ಳೋಣ ಎಂಬ ಯೋಚನೆ ಬಂದರೆ ದಯವಿಟ್ಟು ಅದನ್ನು ಅಲ್ಲಿಯೇ ಬಿಡಿ. ಪರ್ಮಿಟ್ಟಿನಲ್ಲಿ ಬರೆದ ಸೀಟಿಗಿಂತ ಒಂದು ಮಗುವೂ ಹೆಚ್ಚಾಗಬಾರದು.

ಆಟೊ ಚಾಲಕ, ಶಿವಮೊಗ್ಗ

ಆಟೊದವರ ಸ್ಥಿತಿ ಬೇರೆ. ಮೀಟರ್ ದರವನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಾರಿಗೆ ಪ್ರಾಧಿಕಾರ ನಿಗದಿ ಮಾಡುತ್ತದೆ, ಇಂಧನ ಇವತ್ತು ಏರಿದರೆ ಮೀಟರ್ ಏರುವುದು ಎಷ್ಟೋ ತಿಂಗಳುಗಳ ಮೇಲೆ. ನಡುವಿನ ಕಾಲವನ್ನು ದಾಟಲು ನಾನು ಮಾಡಿದ್ದು ಒಂದೇ, ಗಿರಾಕಿ ಹುಡುಕಿಕೊಂಡು ಬೀದಿ ಸುತ್ತುವುದನ್ನು ಬಿಟ್ಟು ಬೆಳಿಗ್ಗೆ ರೈಲು ನಿಲ್ದಾಣದಲ್ಲಿ, ಹಗಲು ಬಸ್ ಸ್ಟ್ಯಾಂಡಿನಲ್ಲಿ ಸಾಲಿನಲ್ಲಿ ನಿಲ್ಲತೊಡಗಿದೆ. ಟ್ರಿಪ್ಪುಗಳು ಕಡಿಮೆಯಾದವು, ಆದರೆ ಸಂಜೆ ಕೈಗೆ ಬಂದದ್ದು ಕಡಿಮೆಯಾಗಲಿಲ್ಲ.

ಕಳೆದ ವರ್ಷ ವಿದ್ಯುತ್ ಆಟೊ ತೆಗೆದುಕೊಂಡೆ. ನಗರದ ಓಡಾಟಕ್ಕೆ ರಾತ್ರಿಯ ಒಂದು ಚಾರ್ಜ್ ಸಾಕಾಗುತ್ತದೆ, ಬಂಕಿನ ಬೋರ್ಡನ್ನು ನೋಡುವ ಅಭ್ಯಾಸವೇ ತಪ್ಪಿದೆ. ಆದರೆ ತೀರ್ಥಹಳ್ಳಿ, ಹೊಸನಗರದ ಕಡೆಯ ಗೆಳೆಯರಿಗೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ ಎಂದು ನಾನು ಹೇಳಲಾರೆ. ಆಷಾಢದ ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ಆ ಎರಡು ದಿನದ ದುಡಿಮೆಯೂ ಹೋಗುತ್ತದೆ.

ಟ್ಯಾಕ್ಸಿ ಚಾಲಕ, ಸಾಗರ

ಕೊಪ್ಪದ ಹಿರಿಯರಿಗೆ ಕೃತಜ್ಞತೆಗಳು. ಇಂದೇ ಚಕ್ರಗಳಿಗೆ ಕೈ ಹಿಡಿದು ನೋಡಿದೆ. ಎಡಗಡೆಯ ಮುಂದಿನ ಚಕ್ರ ಉಳಿದವುಗಳಿಗಿಂತ ಬಹಳ ಬಿಸಿಯಿತ್ತು. ನಾಳೆ ಬಿಚ್ಚಿಸುತ್ತೇನೆ.

ಕರಾವಳಿಗೆ ಹೋಗುವವರಿಗೆ ಒಂದು ವಿಷಯ. ಸಂಸ್ಕರಣಾಗಾರ ಮತ್ತು ಬಂದರು ಎರಡೂ ಮಂಗಳೂರಿನಲ್ಲಿಯೇ ಇರುವುದರಿಂದ ಅಲ್ಲಿಯ ದರ ನಮ್ಮ ಘಟ್ಟದ ಮೇಲಿನದಕ್ಕಿಂತ ತುಸು ಕಡಿಮೆ ಇರುತ್ತದೆ, ಸಾಗಣೆ ವೆಚ್ಚದ ವ್ಯತ್ಯಾಸವದು. ಬಾಡಿಗೆಯ ಮೇಲೆ ಹೇಗೂ ಹೋದಾಗ ಅಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಬಹುದು; ಅದಕ್ಕಾಗಿಯೇ ದಾರಿ ಬದಲಿಸಿದರೆ ಉಳಿದದ್ದಕ್ಕಿಂತ ಹೆಚ್ಚು ಸುಟ್ಟಂತಾಗುತ್ತದೆ. ಹಾಗೆಯೇ, ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳನ್ನು ಆಗಾಗ ನಿಷೇಧಿಸುತ್ತಾರೆ. ಲಾರಿಯವರು ಬಾಡಿಗೆ ಒಪ್ಪುವ ಮೊದಲು ಘಾಟಿ ತೆರೆದಿದೆಯೇ ಎಂದು ವಿಚಾರಿಸಿಕೊಂಡರೆ ಸುತ್ತು ದಾರಿಯ ಡೀಸೆಲ್ ತಪ್ಪುತ್ತದೆ.

ಗೂಡ್ಸ್ ಪಿಕಪ್ ಚಾಲಕ, ತೀರ್ಥಹಳ್ಳಿ

ಹೊಸನಗರದ ಬೆಳೆಗಾರರಿಗೆ ಉತ್ತರಿಸುವುದು ನನ್ನ ಕರ್ತವ್ಯ. ತಾವು ಹೇಳಿದ್ದು ನಿಜ. 2021ರ ನವೆಂಬರಿನಲ್ಲಿ ಡೀಸೆಲ್ ಇಳಿದಾಗ ನಾನೂ ಬಾಡಿಗೆ ಇಳಿಸಲಿಲ್ಲ. ಹಿಂದಿನ ತಿಂಗಳುಗಳ ನಷ್ಟ ತುಂಬಿಕೊಳ್ಳುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ, ಆದರೆ ತಮ್ಮಂಥವರಿಗೆ ಆ ಲೆಕ್ಕವನ್ನು ತೋರಿಸಲಿಲ್ಲ. ನಾಲ್ಕು ತಿಂಗಳ ಮೇಲೆ ದರ ಏರಿದಾಗ ನನಗೆ ಹೆಚ್ಚು ಕೇಳುವ ಧೈರ್ಯ ಬರದಿದ್ದದ್ದಕ್ಕೆ ಅದೂ ಒಂದು ಕಾರಣವೆಂದು ಈಗ ಅನ್ನಿಸುತ್ತಿದೆ.

ಈ ಹಂಗಾಮಿಗೆ ನಾನು ಹೀಗೆ ಮಾತಾಡಬೇಕೆಂದಿದ್ದೇನೆ. ಬಾಡಿಗೆ ಗೊತ್ತುಮಾಡುವ ದಿನ ನಮ್ಮೂರಿನ ಬಂಕಿನ ಡೀಸೆಲ್ ದರವನ್ನು ಚೀಟಿಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳುವುದು. ದರ ಆ ಅಂಕಿಯಿಂದ ಮೂರು ರೂಪಾಯಿಯವರೆಗೆ ಏರಿದರೂ ಇಳಿದರೂ ಬಾಡಿಗೆ ಬದಲಾಗುವುದಿಲ್ಲ. ಮೂರನ್ನು ದಾಟಿದರೆ, ಚೀಟಿಯ ದರದಿಂದಲೇ ಎಣಿಸಿ, ಶಿವಮೊಗ್ಗದ ಟ್ರಿಪ್ಪಿಗೆ ಪ್ರತಿ ಒಂದು ರೂಪಾಯಿ ವ್ಯತ್ಯಾಸಕ್ಕೆ ಹನ್ನೊಂದು ರೂಪಾಯಿ. ಏರಿದರೆ ಅವರು ಕೊಡುವುದು, ಇಳಿದರೆ ನಾನು ಬಿಡುವುದು. ಹತ್ತು ರೂಪಾಯಿ ಏರಿದರೂ ಅವರಿಗೆ ಬೀಳುವ ಹೆಚ್ಚಿನ ಹೊರೆ 110 ರೂಪಾಯಿ ಮಾತ್ರ. ಇನ್ನೂರು ಮುನ್ನೂರು ಎಂದು ಬಾಯಿಗೆ ಬಂದಷ್ಟು ಕೇಳುವ ಪದ್ಧತಿಯೂ ಇದರಿಂದ ತಪ್ಪುತ್ತದೆ.

ಖಾಲಿ ದಾರಿಯ ವಿಷಯದಲ್ಲಿ ಸ್ಟ್ಯಾಂಡಿನ ಆರು ಗಾಡಿಗಳವರು ನಿನ್ನೆ ಸಂಜೆ ಕೂತು ಮಾತಾಡಿದೆವು. ಶಿವಮೊಗ್ಗದಿಂದ ಈ ಕಡೆಗೆ ಸಿಮೆಂಟು, ಹಂಚು, ಗೊಬ್ಬರದ ಚೀಲ, ಪಶು ಆಹಾರ ದಿನವೂ ಬರುತ್ತಿದೆ, ಅದನ್ನು ತರುವ ಗಾಡಿಗಳು ಅತ್ತ ಖಾಲಿ ವಾಪಸ್ ಹೋಗುತ್ತಿವೆ. ನಾವು ಅಡಿಕೆ ಇಳಿಸಿ ಇತ್ತ ಖಾಲಿ ಬರುತ್ತಿದ್ದೇವೆ. ದಾರಿಯಲ್ಲಿ ಮಂಡಗದ್ದೆಯ ಹತ್ತಿರ ಎರಡು ಖಾಲಿ ಗಾಡಿಗಳು ಒಂದನ್ನೊಂದು ದಾಟುತ್ತವೆ, ಇಬ್ಬರೂ ಕೈ ಎತ್ತಿ ಮುಂದೆ ಹೋಗುತ್ತೇವೆ. ನಾಳೆ ಯಾರ ಗಾಡಿ ಎಷ್ಟು ಹೊತ್ತಿಗೆ ಶಿವಮೊಗ್ಗದಲ್ಲಿ ಖಾಲಿಯಾಗುತ್ತದೆ ಎಂಬುದನ್ನು ಹಿಂದಿನ ರಾತ್ರಿ ಎಂಟು ಗಂಟೆಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುವುದೆಂದು ತೀರ್ಮಾನವಾಗಿದೆ. ರಿಟರ್ನ್ ಬಾಡಿಗೆಯನ್ನು ಪೂರ್ತಿ ದರಕ್ಕೆ ಕೇಳಬಾರದು, ಡೀಸೆಲ್ ಖರ್ಚಿಗೆ ಕೂಲಿ ಸೇರಿಸಿದಷ್ಟು ಬಂದರೆ ಸಾಕು ಎಂದೂ ಒಪ್ಪಿಕೊಂಡಿದ್ದೇವೆ. ಇದರಿಂದ ಅಂಗಡಿಯವರಿಗೂ ಸಾಗಣೆ ಅಗ್ಗವಾಗುತ್ತದೆ.

ಒಂದು ತೊಡಕು ಉಳಿದಿದೆ. ಅಡಿಕೆ ಇಳಿಸಿದ ಗಾಡಿಗೆ ಸಿಮೆಂಟು ತುಂಬಿದರೆ ಮರುದಿನದ ಅಡಿಕೆಗೆ ಧೂಳು ಹಿಡಿಯುತ್ತದೆ ಎಂದು ಬೆಳೆಗಾರರು ಆಕ್ಷೇಪಿಸುವುದು ಸಹಜ. ಟಾರ್ಪಾಲಿನ್ ಹಾಸಿ ತುಂಬುವುದು, ಬಂದ ಮೇಲೆ ತೊಳೆಯುವುದು ಎಂದು ನಾವು ಯೋಚಿಸಿದ್ದೇವೆ. ಅದು ಸಾಕೇ?

ಅಡಿಕೆ ಬೆಳೆಗಾರ, ಹೊಸನಗರ

ತಾವು ತೆರೆದ ಮನಸ್ಸಿನಿಂದ ಬರೆದದ್ದಕ್ಕೆ ಧನ್ಯವಾದಗಳು. ಚೀಟಿಯಲ್ಲಿ ದರ ಬರೆಯುವ ಕ್ರಮ ನನಗೆ ಒಪ್ಪಿಗೆ. ನಮ್ಮ ಕಡೆಯ ಗಾಡಿಯವರೊಂದಿಗೂ ಹೀಗೆಯೇ ಮಾತಾಡುತ್ತೇನೆ, ನಮ್ಮ ದೂರಕ್ಕೆ ಎಷ್ಟು ರೂಪಾಯಿ ಎಂಬುದನ್ನು ಅವರ ಗಾಡಿಯ ಮೈಲೇಜ್ ನೋಡಿ ಲೆಕ್ಕ ಹಾಕಬೇಕಾಗುತ್ತದೆ.

ಸಿಮೆಂಟಿನ ವಿಷಯದಲ್ಲಿ ಟಾರ್ಪಾಲಿನ್ ಸಾಲದು. ತೊಳೆದ ಗಾಡಿ ನಮ್ಮ ಚಳಿಗಾಲದ ಮಂಜಿನಲ್ಲಿ ಬೆಳಗಾಗುವಷ್ಟರಲ್ಲಿ ಒಣಗುವುದಿಲ್ಲ, ಹಸಿ ತಳದ ಮೇಲೆ ಒಣ ಅಡಿಕೆಯ ಮೂಟೆ ಇಟ್ಟರೆ ಬೂಸ್ಟು ಹಿಡಿಯುತ್ತದೆ. ಸಿಮೆಂಟು ತರುವ ಸರದಿಯನ್ನು ಮರುದಿನ ಗೊಬ್ಬರವನ್ನೋ ಸೌದೆಯನ್ನೋ ಸಾಗಿಸುವ ಗಾಡಿಗೆ ಕೊಡಿ. ಅಡಿಕೆಯ ಸರದಿಯ ಗಾಡಿಗೆ ಹಂಚು, ಪಶು ಆಹಾರದಂಥ ಒಣ ಸಾಮಾನು ಇರಲಿ. ರಾತ್ರಿ ಎಂಟು ಗಂಟೆಯ ಪಟ್ಟಿಯಲ್ಲಿ ಗಾಡಿಯ ಹೊತ್ತಿನ ಜೊತೆಗೆ ಮರುದಿನದ ಲೋಡು ಏನೆಂಬುದನ್ನೂ ಬರೆದರೆ ಇದು ಆಗುವ ಕೆಲಸ.

ಗೂಡ್ಸ್ ಪಿಕಪ್ ಚಾಲಕ, ತೀರ್ಥಹಳ್ಳಿ

ಹಾಗೆಯೇ ಮಾಡುತ್ತೇವೆ. ಇಂದಿನ ರಾತ್ರಿಯ ಪಟ್ಟಿಯಲ್ಲಿ ಲೋಡಿನ ಕಾಲಮ್ಮನ್ನೂ ಸೇರಿಸಿದ್ದೇನೆ. ನಾಳೆ ಮಧ್ಯಾಹ್ನ ಎರಡು ಗಂಟೆಗೆ ಶಿವಮೊಗ್ಗದಲ್ಲಿ ನನ್ನ ಗಾಡಿ ಖಾಲಿಯಾಗುತ್ತದೆ. ಮಂಡಗದ್ದೆಯವರೆಗೆ ಹನ್ನೆರಡು ಚೀಲ ಪಶು ಆಹಾರ ತರುವ ಬಾಡಿಗೆ ಈಗಾಗಲೇ ಒಪ್ಪಿಗೆಯಾಗಿದೆ.